ಮೋಟ್ರಪ್ಪನ ಪುಟ ತಿದ್ದಿದವರು ಯಾರು?

ನೇಸರಗಿಯ ಮಾಂತೇಶ ಮಾಸ್ತರರು ಬರೆದ ವಾಕ್ಯಕ್ಕೆ ಕೈ ಹಚ್ಚುವ ಧೈರ್ಯ ಅಲ್ಲಿಯ ತನಕ ಯಾರಿಗೂ ಬಂದಿರಲಿಲ್ಲ. ವಾಕ್ಯಗಳ ಸೊಬಗೇ ಅದಕ್ಕೆ ಕಾರಣವೆಂದು ಮಾಸ್ತರರು ತಿಳಿದಿದ್ದರು. ನಿಜವೆಂದರೆ ಅವುಗಳ ಕೊನೆಯ ತನಕ ಹೋಗಿ ಬಂದವರು ಯಾರೂ ಇರಲಿಲ್ಲ.

ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಮಾಸ್ತರರು ಹುಟ್ಟಿದ್ದು ರಾಮದುರ್ಗದಲ್ಲಿ, ಹೊಳೆಯ ದಂಡೆಗೆ. ಅದಕ್ಕೇ ‘ಮಲಪ್ರಭಾತನಯ’ ಎಂಬ ಕಾವ್ಯನಾಮ. ನಾಮ ಇಟ್ಟುಕೊಂಡು ಎಷ್ಟೋ ವರ್ಷಗಳಾಗಿದ್ದವು. ಕಾವ್ಯ ಇನ್ನೂ ಬರಬೇಕಾಗಿತ್ತು.

ಅಂಥ ಹೊತ್ತಿನಲ್ಲಿ ಹಳೆಯ ವಿದ್ಯಾರ್ಥಿನಿ ಪ್ರಜ್ಞಾಳ ಫೋನ್ ಬಂತು. ಆಕೆ ಇಂಜಿನಿಯರಿಂಗ್ ಮುಗಿಸಿ ರಾಮದುರ್ಗದಲ್ಲೇ, ಅಣ್ಣ ಗೌತಮನ ಮೋಟಾರು ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಒಂದು ಸಣ್ಣ ಕಂಪನಿ ನಡೆಸುತ್ತಿದ್ದಳು. ಆ ಕಂಪನಿಯ ಆ್ಯಪ್‌ಗೆ ‘ಮೋಟ್ರಪ್ಪ’ ಎಂದು ಹೆಸರು. ಮನೆಯ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ಹಸಿರು ಗುಂಡಿ ಒತ್ತಿದರೆ ಹೊಲದ ಬೋರಿನ ಮೋಟಾರು ಶುರುವಾಗುತ್ತಿತ್ತು. ಕೆಂಪು ಗುಂಡಿ ಒತ್ತಿದರೆ ನಿಲ್ಲುತ್ತಿತ್ತು.

“ಸರ್, ಆ್ಯಪ್ ಚಲೋ ಓಡಾಕ ಹತ್ತೇತಿ. ಆದ್ರ ಹೆಂಗ ಬಳಸೂದು ಅಂತ ಕನ್ನಡದಾಗ ಒಂದು ಸಹಾಯ ಪುಟ ಬೇಕಾಗೇತಿ. ನೀವ ಬರದು ಕೊಡ್ರಿ,” ಎಂದಳು ಪ್ರಜ್ಞಾ.

ಮಾಸ್ತರರು ಶಾಲೆಗೆ ರಜೆ ಹಾಕಿ, ಬಾಗಿಲು ಹಾಕಿಕೊಂಡು ಬರೆದರು. ಮೋಟಾರು ನಿಲ್ಲಿಸುವ ವಿಧಾನ ಹೀಗಿತ್ತು: ‘ಯಂತ್ರವು ಸ್ಥಗಿತಗೊಳ್ಳದಿರುವ ಪಕ್ಷದಲ್ಲಿ ರಕ್ತವರ್ಣದ ಗುಂಡಿಯನ್ನು ದೀರ್ಘಕಾಲ ಅದುಮತಕ್ಕದ್ದು.’ ಕೆಳಗೆ ದಪ್ಪ ಅಕ್ಷರದಲ್ಲಿ ‘ಮಲಪ್ರಭಾತನಯ’.

ಈ ವಾಕ್ಯದ ಮೊದಲ ಫಲ ಎದುರು ಮನೆಯ ಬಾಯವ್ವನಿಗೆ ಸಿಕ್ಕಿತು. ಬಾಯವ್ವ ಬದನೆ, ಮೆಣಸಿನಕಾಯಿ ಬೆಳೆಯುವ ಹೆಂಗಸು. ಹೇಳಿದ್ದನ್ನು ಹೇಳಿದಂತೆಯೇ ಮಾಡುವವಳು. ಮುಂಜಾನೆ ರೊಟ್ಟಿ ತಿಂದು, ಪುಟ ಓದಿಸಿಕೊಂಡು, ಕೆಂಪು ಗುಂಡಿಯ ಮೇಲೆ ಹೆಬ್ಬೆಟ್ಟು ಊರಿದವಳು ಮಧ್ಯಾಹ್ನದ ಊಟಕ್ಕೂ ತೆಗೆಯಲಿಲ್ಲ. ಕೊನೆಗೆ ಹಾಗೆಯೇ, ಫೋನನ್ನು ದೀಪದಂತೆ ಮುಂದೆ ಹಿಡಿದುಕೊಂಡು, ಓಣಿ ದಾಟಿ ಬಂದಳು.

“ಮಾಸ್ತರ, ದೀರ್ಘಕಾಲ ಅಂದ್ರ ಎಟ್ಟೊತ್ತರಿ?”

“ದೀರ್ಘ ಎಂದರೆ ಹ್ರಸ್ವವಲ್ಲದ್ದು,” ಎಂದರು ಮಾಸ್ತರರು.

ಬಾಯವ್ವ ಹ್ರಸ್ವ ಎಂದರೆ ಏನೆಂದು ಕೇಳಲಿಲ್ಲ. ಮಾಸ್ತರರ ಹೆಂಡತಿ ಮೀನಾ ಆಕೆಯನ್ನು ಅಡಿಗೆಮನೆಗೆ ಕರೆದೊಯ್ದು ಹೆಬ್ಬೆಟ್ಟಿಗೆ ಎಣ್ಣೆ ಹಚ್ಚಿ ಕಳಿಸಿದಳು.

ಮುಂದಿನ ವಾರ ಪ್ರಜ್ಞಾಳ ಫೋನ್ ಮತ್ತೆ ಬಂತು.

“ಸರ್, ನಿಮ್ಮ ಪುಟಾನ ಎಲ್ಲಾರಿಗೂ ಓಪನ್ ಮಾಡೇನಿ.”

“ಬಹಳ ಸಂತೋಷವ್ವಾ. ಓಪನಿಂಗಿಗೆ ನನ್ನನ್ನ ಕರೀಬೇಕಾಗಿತ್ತು.”

ಪ್ರಜ್ಞಾ ಹೇಳಿದ್ದು, ಇನ್ನು ಮೇಲೆ ಪುಟದ ತಳದಲ್ಲಿ ‘ತಿದ್ದಿರಿ’ ಎಂಬ ಗುಂಡಿ ಇರುತ್ತದೆ, ಓದಿದ ಯಾರು ಬೇಕಾದರೂ ಅದನ್ನು ಒತ್ತಿ ಪುಟವನ್ನು ತಿದ್ದಬಹುದು ಎಂಬ ಅರ್ಥದಲ್ಲಿ. ಮಾಸ್ತರರು ತಿಳಿದದ್ದು, ರಿಬ್ಬನ್ ಕತ್ತರಿಸಿ ಪೇಢೆ ಹಂಚಿದ್ದಾರೆ, ತಮ್ಮನ್ನು ಮಾತ್ರ ಮರೆತಿದ್ದಾರೆ ಎಂದು. ಪ್ರಜ್ಞಾ ಅವರ ಮಾತನ್ನು ಚೇಷ್ಟೆಯೆಂದುಕೊಂಡು ನಕ್ಕಳು. ಮಾಸ್ತರರು ಆ ನಗೆಯನ್ನು ನಾಚಿಕೆಯೆಂದುಕೊಂಡು ಕ್ಷಮಿಸಿದರು. ಹೀಗೆ ಒಬ್ಬರನ್ನೊಬ್ಬರು ಪೂರ್ತಿ ತಪ್ಪು ತಿಳಿದು ಇಬ್ಬರೂ ತೃಪ್ತಿಯಿಂದ ಫೋನ್ ಇಟ್ಟರು.

ಪುಟ ‘ಉದ್ಘಾಟನೆ’ಯಾದ ಸುದ್ದಿಯನ್ನು ಮಾಸ್ತರರು ಶಾಲೆಯಲ್ಲಿ ಹೇಳದೆ ಬಿಡಲು ಸಾಧ್ಯವಿರಲಿಲ್ಲ. ಶಿಕ್ಷಕರ ಕೋಣೆಯಲ್ಲಿ ಚಹ ಬರುವ ಹೊತ್ತಿಗೆ ಸರಿಯಾಗಿ ಫೋನ್ ತೆಗೆದು, ಗಂಟಲು ಸರಿಪಡಿಸಿಕೊಂಡು, “ಕೇಳಿರಿ, ತಂತ್ರಜ್ಞಾನದಲ್ಲೂ ಲಯ ಹೇಗೆ ಬರುತ್ತದೆ ನೋಡಿರಿ,” ಎಂದು ಓದಲು ಶುರು ಮಾಡಿದರು.

“ಮೋಟರ್ ನಿಂದರಲಿಲ್ಲಂದ್ರ ಕೆಂಪು ಗುಂಡಿ ಒತ್ತಿ ಹಿಡದು ಐದು ಎಣಿಸ್ರಿ. ಆಮ್ಯಾಲ ಬಿಟ್ಟಬಿಡ್ರಿ. ಭಾಳ ಹೊತ್ತ ಹಿಡೀಬ್ಯಾಡ್ರಿ, ಕೈ ಬಟ್ಟ ನೋಯತಾವ.”

ಮಾಸ್ತರರ ದನಿ ಅಲ್ಲಿಯೇ ನಿಂತಿತು. ಗಣಿತದ ಮಾಸ್ತರರು ಕಪ್ಪು ಕೆಳಗಿಟ್ಟರು.

“ಏನ್ರೀ ಮಾಂತೇಶ ಸರ್, ಜೀವನದಾಗ ಮೊದಲನೇ ಸಲ ನೀವು ಬರದದ್ದು ನನಗ ತಿಳೀತು!”

ಎಲ್ಲರೂ ಎದ್ದು ಕೈಕುಲುಕಿದರು. ಅಭಿನಂದನೆ ಇಷ್ಟು ಉರಿಯುತ್ತದೆಂದು ಮಾಸ್ತರರಿಗೆ ಗೊತ್ತಿರಲಿಲ್ಲ. ಅವರು ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಆ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ತಿದ್ದಿದವರು: ಓದುಗ, ನೇಸರಗಿ’ ಎಂದಿತ್ತು.

ಹೆಸರು ಹಾಕದೆ ತಿದ್ದಿದ ಪ್ರತಿಯೊಬ್ಬರಿಗೂ ಮೋಟ್ರಪ್ಪ ‘ಓದುಗ’ ಎಂದೇ ಬರೆದು, ಮುಂದೆ ಊರಿನ ಹೆಸರು ಸೇರಿಸುತ್ತಿತ್ತು. ಕನ್ನಡ ಓದಿದ ಯಾರಿಗಾದರೂ ಇದು ಸುಲಭವಾಗಿ ಹೊಳೆಯುವ ಸಂಗತಿ. ಆದರೆ ಮಾಸ್ತರರು ಕನ್ನಡವನ್ನು ತೀರ ಹೆಚ್ಚು ಓದಿದ್ದರು. ಮನೆಗೆ ಬಂದವರೇ ಮೀನಾಳ ಮುಂದೆ ಘೋಷಿಸಿದರು:

“‘ಓದುಗ’ ಎನ್ನುವುದು ಕಾವ್ಯನಾಮ! ಯಾವನೋ ಒಬ್ಬ ವಿಮರ್ಶಕ ನನ್ನ ಬೆನ್ನು ಹತ್ತಿದ್ದಾನೆ.”

ಮೀನಾ ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. “ಕಾವ್ಯನಾಮ ಚಲೋ ಐತಿ ಬಿಡ್ರಿ. ಸಣ್ಣದೈತಿ.”

“ನೇಸರಗಿಗೇ ಬಂದು ಹೋಗಿದ್ದಾನೆ, ಗೊತ್ತೇನು?”

“ಬಂದಿದ್ರ ಚಾ ಕುಡದ ಹೋಗಿರತಾನ ತಗೋರಿ,” ಎಂದು ಮೀನಾ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಪ್ರಜ್ಞಾಳಿಗೆ ಒಂದು ಫೋನ್ ಮಾಡಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ವಿದ್ಯಾರ್ಥಿನಿಯ ಮುಂದೆ ಗುರು ದೂರು ಹೇಳುವುದೆಂದರೇನು? ಮಾಸ್ತರರು ಬಾಯಿ ಮುಚ್ಚಿಕೊಂಡರು, ಕಣ್ಣು ಮಾತ್ರ ಪುಟದ ಮೇಲೆ ಇಟ್ಟರು. ಓದುಗನೂ ಸುಮ್ಮನಿರಲಿಲ್ಲ. ಅವನು ಬಲು ತಿರುಗಾಟದ ಮನುಷ್ಯ. ಒಂದು ಮುಂಜಾನೆ ‘ಓದುಗ, ಸವದತ್ತಿ’ ಬರೆದಿದ್ದ: ‘ಮೊದಲ ಬಾವ್ಯಾಗ ನೀರ ಐತಿಲ್ಲೋ ಬಗ್ಗಿ ನೋಡ್ರಿ. ಇಲ್ಲಂದ್ರ ಮೋಟ್ರಪ್ಪನ್ನ ಬೈದು ಉಪಯೋಗಿಲ್ಲ.’ ಮರುದಿನ ‘ಓದುಗ, ಕಿತ್ತೂರು’: ‘ಸ್ಟಾರ್ಟರ್ ಡಬ್ಬ್ಯಾಗ ಓತಿಕ್ಯಾತ ಕುಂತಿರತೈತಿ. ಮೊದಲ ಅದನ್ನ ಎಬ್ಬಿಸ್ರಿ.’ ‘ಓದುಗ, ಬೈಲಹೊಂಗಲ’ ಯಾವ ಸಂಬಂಧವೂ ಇಲ್ಲದೆ, ಎರಡು ಹಲ್ಲಿನ ಹೋರಿ ಮಾರಾಟಕ್ಕಿದೆ ಎಂದು ಸೇರಿಸಿದ್ದ. ರಾಮದುರ್ಗಕ್ಕೆ ಹೋದಾಗಲಂತೂ ಅವನ ವಿಮರ್ಶೆ ನೇರವಾಗಿ ಎದೆಗೇ ಬಂತು: ‘ಇದನ್ನ ಮೊದಲ ಬರದಾಂವಗ ಹೊಲ ಐತೇನು?’

ಮಾಸ್ತರರು ಸಿಟ್ಟಾದರು. ಆದರೆ ಒಂದು ವಿಚಿತ್ರವೂ ನಡೆಯಿತು. ಹಾಸಿಗೆಯಿಂದ ಏಳುತ್ತಲೇ, ಮುಖ ತೊಳೆಯುವ ಮೊದಲೇ, ಓದುಗ ಇವತ್ತು ಎಲ್ಲಿದ್ದಾನೆ, ಏನು ಬರೆದಿದ್ದಾನೆ ಎಂದು ನೋಡದಿದ್ದರೆ ಅವರಿಗೆ ಚಹ ರುಚಿಸದಂತಾಯಿತು. ಓತಿಕ್ಯಾತ ನಿಜವಾಗಿಯೂ ಡಬ್ಬಿಯಲ್ಲಿ ಕೂಡುತ್ತದೆಯೇ? ಕೂತರೆ ಏಕೆ ಕೂಡುತ್ತದೆ? ಬೆಚ್ಚಗಿರುತ್ತದೆಂದೇ? ತರಗತಿಯಲ್ಲಿ ಸಂಧಿ ಬಿಡಿಸುತ್ತ ಬಿಡಿಸುತ್ತ ಅವರು ಓತಿಕ್ಯಾತದ ಹತ್ತಿರ ಹೋಗಿ ನಿಲ್ಲುತ್ತಿದ್ದರು.

ಒಂದು ರವಿವಾರ ತಡೆಯಲಾರದೆ ಸವದತ್ತಿಯ ಬಸ್ಸು ಹತ್ತಿದರು. ಬಸ್ ಸ್ಟ್ಯಾಂಡಿನ ಎದುರಿನ ಚಹದಂಗಡಿಯಲ್ಲಿ ದನಿ ತಗ್ಗಿಸಿ ಕೇಳಿದರು: “ಇಲ್ಲಿ ಓದುಗ ಎಲ್ಲಿ ಸಿಗುತ್ತಾರೆ?”

“ಓದೂದೈತೇನ್ರಿ? ಲೈಬ್ರರಿ ಅಲ್ಲೈತಿ ನೋಡ್ರಿ,” ಎಂದು ಅಂಗಡಿಯವನು ಸೌಟು ತೋರಿಸಿದ.

ಲೈಬ್ರರಿಯಲ್ಲಿ ಕುಳಿತಿದ್ದವಳು ಶಟ್ಟೆವ್ವ ಎಂಬ ಹಿರಿಯ ಹೆಂಗಸು. ಪ್ರಶ್ನೆ ಕೇಳಿ ಆಕೆ ಕನ್ನಡಕ ತೆಗೆದು ಮಾಸ್ತರರನ್ನು ಕರುಣೆಯಿಂದ ನೋಡಿದಳು.

“ಓದುಗ ಇಲ್ಲಿಗೆ ಎಲ್ಲಿ ಬರತಾನ್ರಿ ಸರ್? ಫ್ಯಾನಿನ ಗಾಳಿಗಿ ಬರತಾರ, ಫೋನ್ ಚಾರ್ಜಿಗಿ ಬರತಾರ. ಓದುಗ ಬಂದು ಭಾಳ ದಿನ ಆತು.”

“ಅಂದರೆ ಮೊದಲು ಬರುತ್ತಿದ್ದರು?”

“ಮೊದಲ ಬರತಿದ್ರು. ನಿಮಗ ಎಲ್ಲ್ಯರೆ ಸಿಕ್ಕರ ಇಲ್ಲಿಗೂ ಕಳಸ್ರಿ.”

ಓದುಗ ಮೊದಲು ಸವದತ್ತಿಯಲ್ಲಿದ್ದ, ಈಗ ಊರೂರು ತಿರುಗುತ್ತಿದ್ದಾನೆ ಎಂದು ಮಾಸ್ತರರು ನಿರ್ಣಯಿಸಿದರು. ಈ ನಾಲ್ಕು ತಾಲೂಕು ತಿರುಗುವ, ಹೊಲ ಮೋಟಾರು ಬಲ್ಲ, ತಮ್ಮ ಮೇಲೆ ಮತ್ಸರ ಇರುವ ಮನುಷ್ಯ ಯಾರು? ಹಿಂದಿರುಗುವ ಬಸ್ಸು ಯರಗಟ್ಟಿಯಲ್ಲಿ ನಿಂತಾಗ ಕಿಟಕಿಯ ಹೊರಗೆ ಉತ್ತರ ಕಾಣಿಸಿತು. ಪೈಪಿನ ಅಂಗಡಿಯ ಮುಂದೆ ಸುರುಳಿಗಳ ನಡುವೆ ಮಹಾದೇವ ಕುಳಿತಿದ್ದ. ಬೈಕಿನ ಮೇಲೆ ಹನಿ ನೀರಾವರಿಯ ಪೈಪು ಹೇರಿಕೊಂಡು ಊರೂರು ತಿರುಗುವ ಮಹಾದೇವ! ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಸ್ತರರ ಪ್ರಾಸ್ತಾವಿಕ ಭಾಷಣಕ್ಕೆ ಮುಂದಿನ ಸಾಲಿನಲ್ಲೇ ಗೊರಕೆ ಹೊಡೆದ ಮಹಾದೇವ!

ಮಾಸ್ತರರು ಇಳಿದು ನೇರವಾಗಿ ಅವನ ಎದುರು ನಿಂತರು.

“ಮಹಾದೇವ, ಇನ್ನು ಮುಚ್ಚಿಡುವುದು ಬೇಡ. ‘ಓದುಗ’ ನೀವೇ. ನಿಮ್ಮ ಗದ್ಯ ಒರಟು. ಆದರೆ ಒಪ್ಪುತ್ತೇನೆ, ಅದರಲ್ಲಿ ಶಕ್ತಿ ಇದೆ.”

ತನ್ನ ಬಗ್ಗೆ ‘ಪೈಪು ಸೋರತೈತಿ’ ಎಂಬುದನ್ನು ಬಿಟ್ಟು ಬೇರೆ ವಿಮರ್ಶೆ ಕೇಳದ ಮಹಾದೇವ ಕಣ್ಣು ಪಿಳುಕಿಸಿದ. “ಯಾವ ಗದ್ಯರಿ?” ಮಾಸ್ತರರು ಫೋನ್ ತೋರಿಸಿದರು. ಅಂಗಡಿಗೆ ಬಂದ ಗಿರಾಕಿಗಳೂ ಬಗ್ಗಿ ನೋಡಿದರು. “ಓತಿಕ್ಯಾತದ್ದು ಭಾರಿ ಐತಿ!” ಎಂದ ಒಬ್ಬ. “ಬಟ್ಟ ನೋಯತಾವ ಅನ್ನೂದು ಖರೇ ಮಾತ,” ಎಂದ ಇನ್ನೊಬ್ಬ. ಎಲ್ಲರ ಕಣ್ಣು ಮಹಾದೇವನ ಮೇಲೆ. ಅವನು ಪೈಪಿನ ಸುರುಳಿಗೆ ಒರಗಿ, ದೊಡ್ಡ ಉಸಿರು ಬಿಟ್ಟು ಹೇಳಿದ:

“ಗೊತ್ತಾತಲ್ಲ, ಮುಗೀತು. ಯಾರ ಮುಂದೂ ಹೇಳಬ್ಯಾಡ್ರಿ.”

ಸಂಜೆಯ ಹೊತ್ತಿಗೆ ಅವನೇ ಪೇಟೆಗೆಲ್ಲ ಹೇಳಿದ್ದ. ಪೈಪು ಮಾರುವವರೆಲ್ಲ ಸೇರಿ, ತಮ್ಮಲ್ಲೊಬ್ಬ ಸಾಹಿತಿ ಹುಟ್ಟಿದನೆಂದು ಶಾಲು ಹೊದಿಸಿದರು. ಅಭಿನಂದನಾ ಭಾಷಣ ಮಾಡಲು ಯಾರಿಗೂ ಬಾರದ್ದರಿಂದ ಮಾಂತೇಶ ಮಾಸ್ತರರನ್ನೇ ಕರೆದರು. ಶತ್ರುವನ್ನು ಹೊಗಳುವುದು ಹೇಗೆ ಎಂದು ಮಾಸ್ತರರು ಒಂದು ಗಳಿಗೆ ಯೋಚಿಸಿದರು, ಮೈಕು ಕಂಡಿತು, ದೀರ್ಘಕಾಲ ಹೊಗಳಿದರು.

ಶಾಲು ಹೊದ್ದ ಮೇಲೆ ಮಹಾದೇವನಿಗೆ ತೊಂದರೆ ಶುರುವಾಯಿತು. ಹೋದ ಹೋದಲ್ಲಿ ಜನ, “ಹೊಸಾದು ಏನ ಬರದ್ರಿ?” ಎಂದು ಕೇಳತೊಡಗಿದರು. ಒಂದು ಸಾಲಾದರೂ ಸ್ವಂತದ್ದು ಇರಬೇಡವೇ? ಅವನು ಹಣೆ ಉಜ್ಜಿ ಉಜ್ಜಿ, ಮಾಸ್ತರರ ಶೈಲಿಗೂ ಓದುಗನ ಶೈಲಿಗೂ ನಡುವೆ ಏನೋ ಒಂದನ್ನು ರಚಿಸಿದ: ‘ಮೋಟರ್ ನಿಂದರಲಿಲ್ಲಂದ್ರ ಕೆಂಪು ಗುಂಡಿ ಮತ್ತೊಮ್ಮೆ ಒತ್ತರಿ. ಸಮಾಧಾನ ಆಗೂತನಕ ಒತ್ತರಿ.’ ಕೆಳಗೆ, ‘ಓದುಗ, ಯರಗಟ್ಟಿ’.

ಕೇಳಲು ಏನೂ ತಪ್ಪಿಲ್ಲ. ಆದರೆ ಮೋಟ್ರಪ್ಪನಲ್ಲಿ ಕೆಂಪು ಗುಂಡಿ ಎರಡನೆಯ ಸಲ ಒತ್ತಿದರೆ ‘ನಿಲ್ಲಿಸಿದ್ದು ತಪ್ಪಾಯಿತು, ಮತ್ತೆ ಶುರು ಮಾಡು’ ಎಂದು ಅರ್ಥ.

ರಾಮದುರ್ಗದ ಕಡೆಯ ಒಂದು ಊರಿನ ಪಂಚಾಯಿತಿಯವರು ನೀರಿನ ಟ್ಯಾಂಕಿಗೆ ಮೋಟ್ರಪ್ಪನನ್ನು ಕೂಡಿಸಿದ್ದರು. ಊರಿನ ಹೆಸರು ಬೇಡ. ಅಲ್ಲಿಯ ಸದಸ್ಯರು ಇನ್ನೂ ಕಾಲು ಒರೆಸಿಕೊಳ್ಳುತ್ತಿದ್ದಾರೆ. ನೀರು ಬಿಡುವವನು ಪುಟ ಓದಿಕೊಂಡು ಕೆಂಪು ಗುಂಡಿ ಒತ್ತಿದ, ಮತ್ತೊಮ್ಮೆ ಒತ್ತಿದ, ಸಮಾಧಾನ ಆಗಲಿಲ್ಲ, ಮತ್ತೂ ಒತ್ತಿದ. ಕಚೇರಿಯ ಮಾಳಿಗೆಯ ಮೇಲಿನ ಟ್ಯಾಂಕು ತುಂಬಿ, ನೀರು ಹರಿದು, ಮೆಟ್ಟಿಲಿಳಿದು, ಬಾಗಿಲು ದೂಡಿಕೊಂಡು ಪಂಚಾಯಿತಿಯ ಸಭೆಗೆ ಹೊಕ್ಕಿತು. ಒಳಗೆ ನೀರಿನ ಅಭಾವದ ಚರ್ಚೆ ನಡೆದಿತ್ತು.

ಅಭಿವೃದ್ಧಿ ಅಧಿಕಾರಿ ಬೀರವ್ವ ಮೇಡಂ ತೊಯ್ದ ಸೀರೆಯಲ್ಲೇ ಪ್ರಜ್ಞಾಳಿಗೆ ಫೋನ್ ಮಾಡಿದರು. “ಈ ಓದುಗ ಅನ್ನಾಂವ ಯಾರಿದ್ರೂ ರವಿವಾರ ನನ್ನ ಮುಂದ ಬರಬೇಕು. ಇಲ್ಲಾಂದ್ರ ನಮ್ಮ ಪಂಚಾಯ್ತಿ ಅಷ್ಟ ಅಲ್ಲ, ಬಾಜೂ ಪಂಚಾಯ್ತಿಯವರೂ ನಿನ್ನ ಮೋಟ್ರಪ್ಪನ್ನ ಕಿತ್ತ ಒಗೀತಾರ!”

ಪ್ರಜ್ಞಾ ಎಲ್ಲರನ್ನೂ ಕರೆದಳು. ರವಿವಾರ ಗೌತಮನ ಅಂಗಡಿಯ ಮುಂದೆ ತಾಡಪತ್ರಿ ಹಾಸಿ, ಬಿಚ್ಚಿದ ಮೋಟಾರುಗಳನ್ನು ಬದಿಗೆ ಸರಿಸಿ, ಜನ ಕುಳಿತರು. ನೇಸರಗಿಯಿಂದ ಮಾಸ್ತರರು, ಮೀನಾ, ಬಾಯವ್ವ ಬಂದಿದ್ದರು. ಮಹಾದೇವ ಶಾಲು ಹೊದ್ದುಕೊಂಡೇ ಬಂದ. ಇದು ಇನ್ನೊಂದು ಸನ್ಮಾನವೆಂದು ಅವನಿಗೆ ಯಾರೋ ಹೇಳಿದ್ದರು.

“ಓದುಗ ಯಾರು?” ಎಂದರು ಬೀರವ್ವ ಮೇಡಂ.

ಮಾಸ್ತರರು ಎದ್ದು ನಿಂತು, ಶಾಲಿನ ಕಡೆ ಕೈ ಮಾಡಿ, “ಇವರೇ,” ಎಂದರು. ಮಹಾದೇವ ಎದ್ದು ನಾಲ್ಕೂ ದಿಕ್ಕಿಗೆ ನಮಸ್ಕಾರ ಮಾಡಿದ.

“ನಮ್ಮ ಪಂಚಾಯ್ತ್ಯಾಗ ನೀರ ಹೊಕ್ಕಿಸಿದಾಂವ ನೀನ ಏನು?”

ಮಹಾದೇವನ ಕೈ ನಮಸ್ಕಾರದಲ್ಲೇ ಉಳಿಯಿತು. “ಮೇಡಮ್ಮಾರ, ನಾ ಓದುಗ ಅಲ್ಲರಿ! ಇವರೆಲ್ಲಾ ಅಂದ್ರಂತ ಹೂಂ ಅಂದೆ. ದೇವರಾಣಿ, ನಾ ಬರದದ್ದು ಒಂದ ಸಾಲ!”

“ಯಾವ ಸಾಲು?”

ಮಹಾದೇವ ನೆಲ ನೋಡಿದ. “ಸಮಾಧಾನ ಆಗೂತನಕ ಒತ್ತರಿ... ಅನ್ನೂದು.”

ನಗೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮಾಸ್ತರರು ಮಾತ್ರ ನಗಲಿಲ್ಲ. “ಒಂದೇ ಸಾಲು ಇವರದ್ದಾದರೆ, ಉಳಿದ ಓದುಗ ಯಾರು?”

“ಓದುಗ ಅಂದ್ರ ಓದುಗರೀ, ಸರ್,” ಎಂದಳು ಪ್ರಜ್ಞಾ. “ಓದಿದವರು. ಹೆಸರ ಹಾಕಲಾರದ ಯಾರ ತಿದ್ದಿದ್ರೂ ಹಂಗ ಬರತೈತಿ. ಪುಟ ಎಲ್ಲಾರಿಗೂ ಓಪನ್ ಮಾಡೇನಿ ಅಂತ ನಿಮಗ ಫೋನಿನ್ಯಾಗ ಹೇಳಿದ್ದೆನಲ್ಲ.”

ಇಷ್ಟು ವರ್ಷ ಕನ್ನಡ ಕಲಿಸಿದ ಮಾಸ್ತರರು ‘ಓದುಗ’ ಶಬ್ದದ ಅರ್ಥವನ್ನು ತಾಡಪತ್ರಿಯ ಮೇಲೆ ನಿಂತು ಕಲಿತರು. ಅಷ್ಟರಲ್ಲಿ ಬಾಯವ್ವ ಕೈ ಎತ್ತಿದಳು.

“ಬಟ್ಟ ನೋಯತಾವ ಅಂದಾಕಿ ನಾನ ನೋಡ್ರಿ. ನನಗ ಬರಿಯಾಕ ಬರೂದಿಲ್ಲ. ಬರದು ಕೊಟ್ಟಾಕಿ ನಮ್ಮ ಮೀನಕ್ಕ.”

ಮಾಸ್ತರರು ಹೆಂಡತಿಯ ಕಡೆ ತಿರುಗಿದರು. ಮೀನಾ ಸೆರಗು ಸರಿಪಡಿಸಿಕೊಂಡಳು. “ಅಕಿ ಹೆಬ್ಬಟ್ಟ ಬಾತಿತ್ತರಿ. ನಿಮಗ ಹೇಳಿದ್ರ ಹ್ರಸ್ವ ಅಂತಿದ್ರಿ.”

“ಹಾಗಾದರೆ ಇದನ್ನೇ ನಾನು ಹೇಳುವುದು!” ಮಾಸ್ತರರು ಅವಮಾನವನ್ನು ವಾದವಾಗಿ ತಿರುಗಿಸಿದರು. “ಒಂದು ಪುಟಕ್ಕೆ ಒಬ್ಬ ಯಜಮಾನ ಇರಬೇಕು. ಕಂಡ ಕಂಡವರು ಕೈ ಹಾಕಿದರೆ ಏನಾಗುತ್ತದೆ? ಪಂಚಾಯಿತಿ ತೊಯ್ಯುತ್ತದೆ. ಪ್ರಜ್ಞಾ, ಪುಟ ಮುಚ್ಚಿಬಿಡು!”

“ಮುಚ್ಚಬ್ಯಾಡವ್ವಾ,” ಎಂದಳು ಬಾಯವ್ವ. “ಮಾಸ್ತರ ಒಬ್ಬರ ಬರದಾಗ ನನ್ನ ಬಟ್ಟ ನೊಂದ್ವು. ಎಲ್ಲಾರೂ ಬರದಾಗ ಪಂಚಾಯ್ತಿ ತೊಯ್ತು. ನನ್ನ ಕೇಳಿದ್ರ ಪಂಚಾಯ್ತಿ ತೊಯ್ಯೂದ ಚಲೋ.”

“ನನ್ನ ಕೇಳಿದ್ರ ಅಲ್ಲ,” ಎಂದರು ಬೀರವ್ವ ಮೇಡಂ.

ತಾಡಪತ್ರಿ ಎರಡು ಪಕ್ಷವಾಯಿತು. ಕಿತ್ತೂರಿನಿಂದ ಬಂದಿದ್ದ ಒಬ್ಬರು ತಮ್ಮ ಓತಿಕ್ಯಾತವನ್ನು ತೆಗೆದರೆ ಸುಮ್ಮನಿರುವುದಿಲ್ಲವೆಂದರು. ಬೈಲಹೊಂಗಲದವನು ಹೋರಿ ಇನ್ನೂ ಮಾರಾಟವಾಗಿಲ್ಲವೆಂದು ಎದ್ದು ಹೇಳಿದ. ಅದನ್ನು ತೆಗೆಯುವುದಕ್ಕೆ ಮಾತ್ರ ಎರಡೂ ಪಕ್ಷಗಳು ಒಪ್ಪಿದವು. ಪ್ರಜ್ಞಾ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಪಂಚಾಯಿತಿಗಳು ಹೋದರೆ ಮೇಲಿನ ಕೋಣೆಗೆ ಬೀಗ ಬೀಳುವುದು ಆಕೆಗೆ ಗೊತ್ತಿತ್ತು.

ಗದ್ದಲದ ನಡುವೆ ಮಾಸ್ತರರ ಮನಸ್ಸು ಮಾತ್ರ ಒಂದೇ ಕಡೆ ಸಿಕ್ಕಿಬಿದ್ದಿತ್ತು. “ಗೌತಮ,” ಎಂದರು ಅವರು ಮೆಲ್ಲಗೆ, “ಎರಡನೇ ಸಲ ಒತ್ತಿದರೆ ಯಾಕೆ ಶುರುವಾಗುತ್ತದೆ?”

ಗೌತಮ ಆಶ್ಚರ್ಯದಿಂದ ನೋಡಿದ. “ಒತ್ತಿ ನೋಡಿಲ್ಲೇನ್ರಿ ಸರ್, ಬರಿಯೂ ಮುಂದ?”

ಮಾತು ಎಲ್ಲರ ಕಿವಿಗೂ ಬಿತ್ತು. ಮಾಸ್ತರರು ನೋಡಿರಲಿಲ್ಲ. ಅವರ ಫೋನಿನಲ್ಲಿ ಪುಟ ಮಾತ್ರ ಇತ್ತು, ಮೋಟ್ರಪ್ಪ ಇರಲಿಲ್ಲ. ಬೀರವ್ವ ಮೇಡಂ ಮಹಾದೇವನನ್ನು ನೋಡಿದರು. ಅವನೂ ತಲೆ ಅಲ್ಲಾಡಿಸಿದ.

“ತಪ್ಪು ಇಲ್ಲೈತಿ ನೋಡ,” ಎಂದರು ಮೇಡಂ. “ಒಬ್ಬರ ಬರದ್ರೂ ಅಷ್ಟ, ಊರೆಲ್ಲಾ ಬರದ್ರೂ ಅಷ್ಟ. ಯಾರೂ ಒತ್ತಿ ನೋಡಿಲ್ಲ! ಪ್ರಜ್ಞಾ, ಪುಟ ತೆರದ ಇರಲಿ. ಆದ್ರ ಯಾರ ಏನ ಬರದ್ರೂ, ಒಬ್ಬರು ಖರೇ ಮೋಟರಿನ ಮುಂದ ನಿಂತು ಮಾಡಿ ನೋಡಿದ ಮ್ಯಾಲ ಅದು ಪುಟದಾಗ ಬರಬೇಕು. ಹಂಗಂದ್ರ ನಮ್ಮ ಪಂಚಾಯ್ತಿ ಇರತೈತಿ.”

“ಮಾಡಿ ನೋಡವರು ಯಾರ್ರಿ?” ಎಂದಳು ಪ್ರಜ್ಞಾ.

ಮೀನಾ ಗಂಡನನ್ನು ನೋಡಿದಳು. ಅವಳನ್ನು ನೋಡಿ ಬಾಯವ್ವ ನೋಡಿದಳು. ಹಾಗೆ ನೋಟ ಇಡೀ ತಾಡಪತ್ರಿ ಹಬ್ಬಿತು. “ನಾನು ಸಾಹಿತ್ಯದವನು, ಹೊಲದಲ್ಲಿ ಇಳಿದವನಲ್ಲ,” ಎಂದು ಮಾಸ್ತರರು ಹೇಳಲು ಬಾಯಿ ತೆರೆದರು. ಬಾಯಿಂದ ಬಂದದ್ದು ಬೇರೆ: “ಮೊದಲು ಯಾವುದನ್ನು ನೋಡೋಣ?”

ಮರುದಿನ ಶಾಲೆ ಬಿಟ್ಟ ಮೇಲೆ ಬಾಯವ್ವನ ಹೊಲದ ಬದುವಿನ ಮೇಲೆ ಮಾಸ್ತರರು ಧೋತರ ಎತ್ತಿ ಕಟ್ಟಿ ನಿಂತಿದ್ದರು. ಐದು ಎಣಿಸಿದರೆ ಸಾಕು, ಮೂರು ಸಾಲದು ಎಂಬುದು ಸಿದ್ಧವಾಗಿತ್ತು. ಸ್ಟಾರ್ಟರ್ ಡಬ್ಬಿ ತೆರೆದಾಗ ಓತಿಕ್ಯಾತ ಅವರನ್ನೂ, ಅವರು ಓತಿಕ್ಯಾತವನ್ನೂ ನೋಡಿ ಇಬ್ಬರೂ ಹೌಹಾರಿದ್ದಾಗಿತ್ತು. ಒಡೆದ ಪೈಪಿನ ಕಾರಂಜಿಯಲ್ಲಿ ಮೈ ಅರ್ಧ ತೊಯ್ದಿತ್ತು, ಪೈಪು ಯರಗಟ್ಟಿಯದು. ಈಗ ಉಳಿದದ್ದು, ಮುಂಜಾನೆಯಷ್ಟೇ ಬಂದ ಹೊಸ ಸಾಲು: ‘ಫೋನ್ ತಲಿಕೆಳಗ ಹಿಡದು ಒತ್ತಿದ್ರ ಮೋಟರ್ ಲಗೂ ನಿಂದರತೈತಿ.’

“ಇದು ಸುಳ್ಳ ಇರಬೇಕು,” ಎನ್ನುತ್ತ ಮಾಸ್ತರರು ಫೋನ್ ತಲೆಕೆಳಗೆ ಮಾಡಿ ಕೆಂಪು ಗುಂಡಿಗೆ ಬೆರಳು ತಂದರು. ಒತ್ತುವ ಮೊದಲೇ ಮೋಟಾರು ಗಕ್ಕನೆ ನಿಂತಿತು.

ಮಾಸ್ತರರು ಹೆದರಿ ಫೋನನ್ನು ದೂರ ಹಿಡಿದರು. “ಬಾಯವ್ವಾ! ತಿರುಗಿಸಿದರೇ ನಿಂತಿತು! ಒತ್ತೇ ಇಲ್ಲ ನಾನು!”

ಬಾಯವ್ವ ಕಂಬದ ತುದಿಯ ತಂತಿ ನೋಡಿದಳು. “ಕರೆಂಟ ಹೋತರಿ, ಮಾಸ್ತರ.”

ಮೀನಾ ಊಟಕ್ಕೆ ಕರೆದ ಫೋನ್ ಬಂತು. ಮಾಸ್ತರರು, ನೀನು ಉಂಡುಬಿಡು ಎಂದು ಹೇಳಿ ಇಟ್ಟರು. ಬದುವಿನ ಹಸಿ ಮಣ್ಣಿನ ಮೇಲೆ, ಧೋತರದ ಚಿಂತೆ ಬಿಟ್ಟು, ಕುಳಿತುಕೊಂಡರು.

“ಮನಿಗಿ ಹೋಗೂದಿಲ್ಲೇನ್ರಿ?”

“ಕರೆಂಟು ಬರಲಿ. ಖರೇನ ತಲೆಕೆಳಗೆ ಹಿಡಿದರೆ ನಿಲ್ಲುತ್ತದೇನು ನೋಡಬೇಕಲ್ಲ?”

ಬಾಯವ್ವ ಬುಟ್ಟಿ ಕೆಳಗಿಟ್ಟಳು.

“ಸರೀರಿ ಅತ್ತಾಗ,” ಎಂದು ಅವಳೂ ಬದುವಿನ ಮೇಲೆ ಕುಳಿತಳು. “ನಾನೂ ನೋಡತೇನಿ.”